ಹದ ಕಾಯುವುದಿಲ್ಲ



ವಿಜಯಪುರದ ಕಡೆ ಹಿಂಗಾರಿ ಜೋಳ ಬಿತ್ತುವವರು ಉತ್ತರಿ, ಹಸ್ತ, ಚಿತ್ತಾ ಮಳೆಗಳ ದಾರಿ ಕಾಯುತ್ತಾರೆ. ಪಂಚಾಂಗದಲ್ಲಿ ಒಂದೊಂದು ಮಳೆ ನಕ್ಷತ್ರಕ್ಕೂ 13-14 ದಿನ. ಬಿತ್ತುವವನಿಗೆ ಮಾತ್ರ ಅಷ್ಟು ದಿನ ಸಿಗುವುದಿಲ್ಲ. ಮಳೆಯ ಮರುದಿನ ಎರೆಮಣ್ಣು ಮೊಣಕಾಲವರೆಗೆ ಮೆತ್ತಿಕೊಳ್ಳುತ್ತದೆ, ಕೂರಿಗೆ ಹೂಡಲು ಬರುವುದಿಲ್ಲ. ಬಿಸಿಲು ಜೋರಾದರೆ ಅದೇ ಮಣ್ಣು ಹೆಂಟೆ ಕಟ್ಟುತ್ತದೆ. ಇವೆರಡರ ನಡುವೆ ಕೆಲವೇ ದಿನ ಹದ. ಹಿಡಿ ಮಣ್ಣನ್ನು ಅಮುಕಿದರೆ ಉಂಡೆಯಾಗಬೇಕು, ಬೆರಳು ಒತ್ತಿದರೆ ಉದುರಬೇಕು.

ನಮ್ಮ ದೊಡ್ಡಪ್ಪನ ಹೊಲದಲ್ಲಿ ಅಂಥ ಹದ ಬಿದ್ದ ದಿನವೇ ಊರಲ್ಲಿ ಸಂಘದ ಸಭೆ, ಮನೆಗೆ ಬೀಗರು, ಮೇಲೆ ಸೋರುವ ಮಾಳಿಗೆ. ದೊಡ್ಡವ್ವ ಮಾಳಿಗೆ ತೋರಿಸಿದಳು. ದೊಡ್ಡಪ್ಪ ಕೂರಿಗೆ ಹೆಗಲಿಗೇರಿಸಿ, "ಮಾಳಿಗಿ ನಾಳೆನೂ ಸೋರತೈತಿ, ಹದ ಇರಂಗಿಲ್ಲ" ಎಂದು ನಡೆದುಬಿಟ್ಟ. ಬೀಗರು ಮುನಿಸಿಕೊಂಡರು. ಹಿಂಗಾರಿ ಜೋಳಕ್ಕೆ ಮುಂದೆ ಮಳೆಯ ಖಾತ್ರಿ ಇಲ್ಲ, ಮಣ್ಣು ಹಿಡಿದಿಟ್ಟ ತೇವದಲ್ಲೇ ಅದು ತೆನೆ ಕಟ್ಟಬೇಕು. ಬೀಗರ ಮುನಿಸು ಸಂಕ್ರಾಂತಿಗೆ ಇಳಿಯಿತು.

ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೂ ಬೆಳಿಗ್ಗೆ ಎದ್ದು ನಾವು ಮಾಡುವುದು ಪಟ್ಟಿ. ಕರೆಂಟ್ ಬಿಲ್ಲು, ಇಸ್ತ್ರಿ ಬಟ್ಟೆ, ಆಫೀಸಿನ ಮೂರು ಫೋನು. ನಾನಂತೂ ಸುಲಭದ ಕೆಲಸಗಳನ್ನೇ ಮೇಲೆ ಬರೆಯುತ್ತೇನೆ. ಬೇಗ ಬೇಗ ಗೀಟು ಹೊಡೆದು ಖುಷಿಪಡಲು! ಸಂಜೆಗೆ ಹತ್ತು ಗೀಟು ಬಿದ್ದಿರುತ್ತವೆ, ಹೊಲ ಮಾತ್ರ ಬೀಳು.

ಪಟ್ಟಿಯಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ಯಾವುದಕ್ಕೆ ಹದವಿದೆ, ಯಾವುದು ಸೋರುವ ಮಾಳಿಗೆ ಎಂದು ಅದು ಹೇಳುವುದಿಲ್ಲ. ಕೂಗುವ ಕೆಲಸಗಳೇ ಮುಂದೆ ಬಂದು ನಿಲ್ಲುತ್ತವೆ. ಹದ ಮೀರುವ ಕೆಲಸಗಳೋ, ಹೆಚ್ಚಾಗಿ ಬಾಯಿಲ್ಲದವು. ಎಂಟನೇ ತರಗತಿಯ ಮಗಳು ಲೆಕ್ಕ ತಿಳಿಯಲಿಲ್ಲವೆಂದು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. "ಆಮೇಲೆ" ಎನ್ನುತ್ತೇವೆ. ನಾಲ್ಕು ಸಲ ಹಾಗೆಂದರೆ ಐದನೇ ಸಲ ಅವಳು ಬರುವುದಿಲ್ಲ. ಆ ಮಣ್ಣೂ ಹೆಂಟೆ ಕಟ್ಟುತ್ತದೆ.

ನಮ್ಮ ಅಮ್ಮನಿಗೆ ಪತ್ರಿಕೆಯ ಅಕ್ಷರ ಮಸುಕಾಗಿ ಎರಡು ತಿಂಗಳಾಯಿತು. ಕಣ್ಣಿನ ಡಾಕ್ಟರಿಗೆ ತೋರಿಸುವುದು ನನ್ನ ಪಟ್ಟಿಯ ಕೊನೆಯ ಸಾಲಿನಲ್ಲೇ ಉಳಿದಿತ್ತು. ಇವತ್ತು ರಜೆ ಹಾಕಿದ್ದೇನೆ. ಹತ್ತು ಗಂಟೆಗೆ ಇಬ್ಬರೂ ಹೊರಡುತ್ತೇವೆ. ಕರೆಂಟ್ ಬಿಲ್ಲು ನಾಳೆ.