ಸುನ್ನತ್ ಪಾಪಕ್ಕೆ ಪರವಾನಗಿಯಲ್ಲ





ಸುನ್ನತ್ ಆದವರಿಗೆ ಏಡ್ಸ್ ಬರುವುದಿಲ್ಲ ಎಂಬ ಮಾತು ನಮ್ಮ ನಡುವೆ ಆಗಾಗ ಕೇಳಿಬರುತ್ತದೆ. ವಿಜ್ಞಾನವೇ ನಮ್ಮ ಆಚರಣೆಯನ್ನು ಎತ್ತಿಹಿಡಿಯಿತೆಂದು ನಾವು ಹೆಮ್ಮೆಪಡುತ್ತೇವೆ. ಈ ಹೆಮ್ಮೆಯಲ್ಲಿರುವುದು ಅರ್ಧ ಸತ್ಯ. ಉಳಿದರ್ಧವನ್ನು ಮರೆತರೆ ಬೆಲೆ ತೆರಬೇಕಾದವರು ನಮ್ಮ ಮನೆಯ ಹೆಣ್ಣುಮಕ್ಕಳು.

ಮೊದಲು ಸತ್ಯವೇನೆಂದು ನೋಡೋಣ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು ಮತ್ತು ಉಗಾಂಡದ ರಕಾಯಿಯಲ್ಲಿ ಒಟ್ಟು ಹನ್ನೊಂದು ಸಾವಿರದಷ್ಟು ಪುರುಷರ ಮೇಲೆ ಅಧ್ಯಯನಗಳು ನಡೆದವು. ಸುನ್ನತ್ ಮಾಡಿಸಿಕೊಂಡವರಲ್ಲಿ, ಸ್ತ್ರೀಯಿಂದ ಹೆಚ್‌ಐವಿ ತಗಲುವ ಅಪಾಯವು ಶೇ. 50ರಿಂದ 60ರಷ್ಟು ಕಡಿಮೆಯಾಗಿತ್ತು. ಮುಂದೊಗಲಿನ ಒಳಮೈಯಲ್ಲಿ ಈ ವೈರಾಣು ಸುಲಭವಾಗಿ ಹೊಕ್ಕುವ ಜೀವಕೋಶಗಳು ಹೆಚ್ಚಿರುವುದು ಇದಕ್ಕೊಂದು ಕಾರಣ. ಸೋಂಕು ವ್ಯಾಪಕವಾಗಿದ್ದು ಸುನ್ನತ್ ವಿರಳವಾಗಿರುವ ದೇಶಗಳಿಗೆ 2007ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಶಿಫಾರಸು ಮಾಡಿತು.

ಆದರೆ ಅಲ್ಲಿನ ಜನ ಇದನ್ನು ಹೇಗೆ ಸ್ವೀಕರಿಸಿದರು? ಕಿಸುಮು ಪ್ರದೇಶದ ಲುವೋ ಜನಾಂಗದಲ್ಲಿ ಸುನ್ನತ್‌ನ ಸಂಪ್ರದಾಯವಿಲ್ಲ. ಕೆಳದವಡೆಯ ಮುಂದಿನ ಆರು ಹಲ್ಲುಗಳನ್ನು ಕೀಳುವುದು ಅವರ ಹಳೆಯ ಪದ್ಧತಿಯಾಗಿತ್ತು. ಸುನ್ನತ್ ಆಗದವರು ಆಳಲು ಅರ್ಹರಲ್ಲವೆಂದು ಕೆನ್ಯಾದ ರಾಜಕೀಯದಲ್ಲಿ ಅವರನ್ನು ಹೀಯಾಳಿಸಲಾಗುತ್ತಿತ್ತು. 2007ರ ಡಿಸೆಂಬರ್ ಚುನಾವಣೆಯ ನಂತರದ ಹಿಂಸಾಚಾರದಲ್ಲಿ ಪುಂಡರ ಗುಂಪುಗಳು ಲುವೋ ಪುರುಷರನ್ನು ಹಿಡಿದು ಬಲವಂತವಾಗಿ ಕತ್ತರಿಸಿದವು. ನ್ಯಾಯಮೂರ್ತಿ ವಾಕಿ ಆಯೋಗವು ಈ ಕ್ರೌರ್ಯವನ್ನು ದಾಖಲಿಸಿದೆ.

ಅದೇ 2008ರಲ್ಲಿ ಸರಕಾರವು ಸ್ವಯಂಪ್ರೇರಿತ ಸುನ್ನತ್ ಕಾರ್ಯಕ್ರಮವನ್ನು ಆರಂಭಿಸಿತು. ಇದು ನಮ್ಮ ಸಂಸ್ಕೃತಿಯಲ್ಲವೆಂದು ಲುವೋ ಹಿರಿಯರು ಆಕ್ಷೇಪಿಸಿದರು. ಲುವೋ ನಾಯಕರೂ ಆಗಿನ ಪ್ರಧಾನಿಯೂ ಆಗಿದ್ದ ರೈಲಾ ಒಡಿಂಗಾ ಬೆಂಬಲಿಸಿದರು. ಕ್ರಮೇಣ ಯುವಕರು ದೊಡ್ಡ ಸಂಖ್ಯೆಯಲ್ಲಿ ಮುಂದೆ ಬಂದರು. ಕತ್ತರಿಸಿದ್ದು ಅದೇ ಚರ್ಮ; ಬಲವಂತದಿಂದಾದಾಗ ಅದು ಅತ್ಯಾಚಾರ, ಒಪ್ಪಿಗೆಯಿಂದಾದಾಗ ಚಿಕಿತ್ಸೆ. ಕೋಮುಗಲಭೆಗಳಲ್ಲಿ ಬಟ್ಟೆ ಬಿಚ್ಚಿಸಿ ಇದೇ ಗುರುತನ್ನು ಹುಡುಕಿದ ಅವಮಾನವನ್ನು ಕಂಡಿರುವ ನಮಗೆ ಲುವೋ ಜನರ ನೋವು ಅರ್ಥವಾಗದೇ? ಹಾಗಿರುವಾಗ ಇನ್ನೊಬ್ಬರ ದೇಹವನ್ನು ಕೀಳಾಗಿ ಕಾಣುವ ಹೆಮ್ಮೆ ನಮಗೆ ತಕ್ಕುದಲ್ಲ.

ಇನ್ನು ಮರೆತ ಅರ್ಧಕ್ಕೆ ಬರೋಣ. ಆ ಅಧ್ಯಯನಗಳಲ್ಲಿ ಸುನ್ನತ್ ಆದವರಿಗೂ ಸೋಂಕು ತಗಲಿದೆ. ಅಪಾಯ ಕುಗ್ಗಿತೇ ಹೊರತು ಅಳಿಯಲಿಲ್ಲ. ಈಗಾಗಲೇ ಸೋಂಕಿತನಾದ ಪುರುಷನಿಗೆ ಸುನ್ನತ್ ಮಾಡಿಸಿದರೆ ಆತನ ಪತ್ನಿಗೆ ರಕ್ಷಣೆ ದೊರೆಯುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ರಕಾಯಿ ಅಧ್ಯಯನ ತೋರಿಸಿತು. ಸೋಂಕಿನ ರಕ್ತಕ್ಕಾಗಲಿ, ಮಾದಕ ವ್ಯಸನಿಗಳು ಹಂಚಿಕೊಳ್ಳುವ ಸೂಜಿಗಾಗಲಿ ಸುನ್ನತ್ ಅಡ್ಡಿಯೇ ಅಲ್ಲ. ದೂರದೂರಿನಲ್ಲಿ ದಾರಿ ತಪ್ಪಿದ ಗಂಡ 'ನಾನು ಸುರಕ್ಷಿತ' ಎಂಬ ಭ್ರಮೆಯಲ್ಲಿ ಮನೆಗೆ ಮರಳಿದರೆ, ಏನನ್ನೂ ಅರಿಯದ ಪತ್ನಿಯ ಗತಿಯೇನು?

ನಾವು ಸುನ್ನತ್ ಮಾಡಿಸುವುದು ರೋಗದ ಲೆಕ್ಕಾಚಾರದಿಂದಲ್ಲ; ಅದು ಹಝ್ರತ್ ಇಬ್ರಾಹೀಮರ(ಅ) ಚರ್ಯೆಯೆಂಬ ನಂಬಿಕೆಯಿಂದ. ವ್ಯಭಿಚಾರದ ಹತ್ತಿರವೂ ಸುಳಿಯಬಾರದೆಂಬ ಆಜ್ಞೆಯನ್ನು ಕಡೆಗಣಿಸಿ, ಬಾಲ್ಯದಲ್ಲಿ ಹೆತ್ತವರು ಮಾಡಿಸಿದ ಸುನ್ನತ್‌ನ ಮರೆಯಲ್ಲಿ ಅಡಗುವುದು ಆತ್ಮವಂಚನೆ.

ಸೋಂಕಿತರನ್ನು ದೂರ ತಳ್ಳುವುದೂ ಅಷ್ಟೇ ದೊಡ್ಡ ಪಾಪ. ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತವಾಗಿದೆ. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಸೋಂಕಿತರನ್ನು ತಾರತಮ್ಯದಿಂದ ಕಾಣುವುದನ್ನು 2017ರ ಕಾನೂನು ನಿಷೇಧಿಸಿದೆ. ಸಂಶಯವಿದ್ದವರು ನಾಚಿಕೆ ಬಿಟ್ಟು ಪರೀಕ್ಷೆ ಮಾಡಿಸಿಕೊಳ್ಳಲಿ. ಮಸೀದಿಯ ಮಿಂಬರ್‌ನಿಂದಲೂ ಮನೆಯ ಹಿರಿಯರಿಂದಲೂ ಈ ಮಾತು ಸ್ಪಷ್ಟವಾಗಿ ಕೇಳಿಬರಲಿ.

ಅಲ್ಲಾಹನು ನಮಗೆ ಸತ್ಯವನ್ನು ಪೂರ್ಣವಾಗಿ ಅರಿಯುವ ಸದ್ಬುದ್ಧಿಯನ್ನು ಅನುಗ್ರಹಿಸಲಿ. ಆಮೀನ್.