ತಾರಸಿಯ ಮೇಲಿನ ದಕ್ಷಿಣ ಧ್ರುವ

ಮಕ್ಕಳೇ, ಜೂನ್ ತಿಂಗಳ ಮಧ್ಯಾಹ್ನ ದೆಹಲಿಯಲ್ಲಿ ನಲ್ಲಿ ತಿರುಗಿಸಿ ಕೈ ಒಡ್ಡಿದ್ದೀರಾ? ಚುರ್ ಅನ್ನುತ್ತದೆ. ಗೀಸರ್ ಹಾಕಿಲ್ಲ, ಒಲೆ ಹಚ್ಚಿಲ್ಲ, ಆದರೂ ಬಿಸಿನೀರು. ಮಯೂರ್ ವಿಹಾರದ ನಮ್ಮ ಮನೆಯಲ್ಲಿ ಬೇಸಿಗೆಯ ಸ್ನಾನಕ್ಕೆ ಹಿಂದಿನ ರಾತ್ರಿಯೇ ಬಕೆಟ್ ತುಂಬಿಟ್ಟು ಆರಲು ಬಿಡುತ್ತೇವೆ. ಊರಲ್ಲಿ ನೀರು ಕಾಯಿಸುತ್ತಿದ್ದ ನಮಗೆ ಇಲ್ಲಿ ನೀರು ಆರಿಸುವ ಕೆಲಸ!

ಮೇಲಿನ ಮನೆಯ ಹುಡುಗಿ ಆರನೇ ಕ್ಲಾಸು. ಒಂದು ದಿನ ಮುಖ ಊದಿಸಿಕೊಂಡು ಬಂದಳು. ಅವಳ ಶಾಲೆಯ ದೊಡ್ಡ ಕ್ಲಾಸಿನ ಅಕ್ಕ ಒಬ್ಬಳು ಅಂಟಾರ್ಕ್ಟಿಕಾಕ್ಕೆ ಹೋಗಿಬಂದು ಎಲ್ಲರಿಗೂ ಫೋಟೊ ತೋರಿಸಿದಳಂತೆ. ‘ಮಾಮಾ, ಅಲ್ಲಿಗೆ ಹೋದ್ರೆ ಮಾತ್ರ ಹವಾಮಾನ ಬದಲಾವಣೆ ಅರ್ಥ ಆಗೋದಾ? ನಮ್ಮಪ್ಪನ ಹತ್ರ ಅಷ್ಟು ದುಡ್ಡಿಲ್ಲ.’

ನಾನು ಅವಳನ್ನು ತಾರಸಿಗೆ ಕರೆದುಕೊಂಡು ಹೋದೆ.

ನಮ್ಮ ತಾರಸಿಯಲ್ಲಿ ಅರ್ಧ ಭಾಗಕ್ಕೆ ಸುಣ್ಣ ಬಳಿದಿದೆ, ಇನ್ನರ್ಧ ಹಾಗೇ ಬಿಟ್ಟಿದ್ದೇವೆ. ಮೂಲೆಯಲ್ಲಿ ಕಪ್ಪು ನೀರಿನ ಟ್ಯಾಂಕು. ‘ಚಪ್ಪಲಿ ಬಿಟ್ಟು ಸುಣ್ಣದ ಮೇಲೆ ನಿಲ್ಲು’ ಅಂದೆ. ನಿಂತಳು. ‘ಈಗ ಟ್ಯಾಂಕನ್ನು ಒಂದೇ ಒಂದು ಬೆರಳಲ್ಲಿ ಮುಟ್ಟು.’ ಮುಟ್ಟಿದವಳೇ ಕೈ ಎಳೆದುಕೊಂಡಳು. ಬಿಸಿಲು ಎರಡಕ್ಕೂ ಒಂದೇ. ಬಿಳಿ ಬಣ್ಣ ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ, ಕಪ್ಪು ಬಣ್ಣ ನುಂಗಿಕೊಳ್ಳುತ್ತದೆ.

ಧ್ರುವಗಳ ಕಥೆಯ ದೊಡ್ಡ ಭಾಗ ಇಷ್ಟೇ ನೋಡಿ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನ 100ರಲ್ಲಿ 80ರಿಂದ 90 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಬರೀ ಸಮುದ್ರವಾದರೆ 100ರಲ್ಲಿ 90ಕ್ಕೂ ಹೆಚ್ಚು ಪಾಲನ್ನು ಹೀರುತ್ತದೆ. ಉತ್ತರ ಧ್ರುವದ ಸಮುದ್ರದ ಮೇಲೆ ತೇಲುವ ಮಂಜುಗಡ್ಡೆ ಕರಗಿತು ಅನ್ನಿ, ಸುಣ್ಣ ಬಳಿದ ಛಾವಣಿ ತೆಗೆದು ಅಲ್ಲಿ ಕಪ್ಪು ಟ್ಯಾಂಕು ಇಟ್ಟ ಹಾಗೆ. ನೀರು ಬಿಸಿಯಾಗುತ್ತದೆ, ಬಿಸಿನೀರು ಪಕ್ಕದ ಮಂಜನ್ನು ಕರಗಿಸುತ್ತದೆ, ಅಲ್ಲಿಯೂ ಕಪ್ಪು ನೀರು ಕಾಣಿಸಿಕೊಳ್ಳುತ್ತದೆ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಹುಡುಗಿಯ ಮುಖ ಸ್ವಲ್ಪ ಇಳಿಯಿತು. ‘ಹಾಗಾದ್ರೆ ಮಂಜೆಲ್ಲ ಕರಗಿ ಸಮುದ್ರ ತುಂಬಿ ಹರಿಯುತ್ತೆ ಅಲ್ವಾ?’

ಅವಸರ ಬೇಡ. ಇದನ್ನು ಅಡುಗೆಮನೆಯಲ್ಲಿ ನೋಡೋಣ. ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಐಸ್ ತುಂಡು ಹಾಕಿ, ಅದು ತೇಲುತ್ತಿರುವಾಗಲೇ ಅಂಚಿನವರೆಗೆ ನೀರು ತುಂಬಿ. ಇನ್ನೊಂದರಲ್ಲಿ ನೀರಿನ ಮೇಲಕ್ಕೆ ತಲೆ ಎತ್ತಿ ನಿಲ್ಲುವಂಥ ಕಲ್ಲು ಇಟ್ಟು, ಕಲ್ಲಿನ ತಲೆಯ ಮೇಲೆ ಐಸ್ ಇಡಿ. ಇಲ್ಲೂ ನೀರು ಅಂಚಿನವರೆಗೆ. ಅರ್ಧ ಗಂಟೆ ಬಿಟ್ಟು ಬನ್ನಿ. ದೆಹಲಿಯ ಮೇ ತಿಂಗಳಾದರೆ ಅಷ್ಟೂ ಬೇಡ. ಮೊದಲ ಲೋಟ ಚೆಲ್ಲಿರುವುದಿಲ್ಲ, ಎರಡನೆಯದು ಚೆಲ್ಲಿರುತ್ತದೆ. ತೇಲುವ ಐಸು ಕರಗಿದಾಗ, ಮುಳುಗಿದ್ದ ತನ್ನ ಭಾಗ ಹಿಡಿದಿದ್ದಷ್ಟೇ ಜಾಗವನ್ನು ನೀರಾಗಿ ತುಂಬುತ್ತದೆ. ಕಲ್ಲಿನ ಮೇಲಿದ್ದ ಐಸು ಹೊಸ ನೀರನ್ನು ತಂದು ಸುರಿಯುತ್ತದೆ.

ಮೊದಲ ಲೋಟ ಉತ್ತರ ಧ್ರುವ: ನೆಲ ಸುತ್ತುವರಿದ ಸಮುದ್ರ. ಎರಡನೆಯದು ದಕ್ಷಿಣ ಧ್ರುವ: ಸಮುದ್ರ ಸುತ್ತುವರಿದ ನೆಲ. ಆ ನೆಲದ ಮೇಲೆ ಸರಾಸರಿ ಎರಡು ಕಿಲೋಮೀಟರ್ ದಪ್ಪದ ಹಿಮ ಕೂತಿದೆ. ಅದು ಪೂರ್ತಿ ಕರಗಿದರೆ ಸಮುದ್ರ ಸುಮಾರು 58 ಮೀಟರ್ ಏರುತ್ತದೆ. ಹೆದರಬೇಡಿ, ಅದಕ್ಕೆ ಸಾವಿರಾರು ವರ್ಷ ಬೇಕು. ಆದರೆ ಒಂದೆರಡು ಅಡಿ ಏರಲು ಅಷ್ಟು ವರ್ಷ ಬೇಡ, ಮುಂಬೈ ಮಂಗಳೂರಿನವರಿಗೆ ಆ ಒಂದೆರಡು ಅಡಿಯೇ ದೊಡ್ಡದು.

2002ರಲ್ಲಿ ಅಂಟಾರ್ಕ್ಟಿಕಾದ ಅಂಚಿನ ಲಾರ್ಸನ್ ಬಿ ಅನ್ನುವ ಹಿಮದ ಚಪ್ಪಡಿ ಐದೇ ವಾರದಲ್ಲಿ ಪುಡಿಪುಡಿಯಾಯಿತು. 3,250 ಚದರ ಕಿಲೋಮೀಟರ್! ನಮ್ಮ ದೆಹಲಿ ಇರುವುದು 1,484. ಎರಡು ದೆಹಲಿ ಜೋಡಿಸಿದರೂ ಸಾಲದು. ಅದು ಮೊದಲೇ ತೇಲುತ್ತಿದ್ದದ್ದು, ಹಾಗಾಗಿ ಒಡೆದದ್ದರಿಂದ ಸಮುದ್ರ ಏರಲಿಲ್ಲ. ಆದರೆ ಅದು ಬಾಟಲಿಯ ಬಿರಡೆಯಂತೆ ಹಿಂದಿನ ಹಿಮನದಿಗಳನ್ನು ತಡೆದು ನಿಲ್ಲಿಸಿತ್ತು. ಬಿರಡೆ ಹೋದ ಮೇಲೆ ಅವು ಬೇಗ ಬೇಗ ಸಮುದ್ರಕ್ಕೆ ಜಾರತೊಡಗಿದವು.

ಈಗ ನಮ್ಮವರ ಕಥೆ. 1981ರ ಡಿಸೆಂಬರ್ 6ರಂದು ಗೋವಾದಿಂದ ಒಂದು ಹಡಗು ಹೊರಟಿತು. ಒಳಗೆ 21 ಜನ. ನಾಯಕರು ಸಮುದ್ರ ವಿಜ್ಞಾನಿ ಸೈಯದ್ ಜಹೂರ್ ಖಾಸಿಂ. ಮುಂದೆ ಇಲ್ಲೇ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಯಾದವರು. 1982ರ ಜನವರಿ 9ರಂದು ಅವರು ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟರು. ಮುಂದಿನ ವರ್ಷಗಳಲ್ಲಿ ನಮ್ಮವರು ಅಲ್ಲಿ ‘ದಕ್ಷಿಣ ಗಂಗೋತ್ರಿ’ ಅನ್ನುವ ಮನೆ ಕಟ್ಟಿದರು. ಅದರ ಗತಿ ಏನಾಯಿತು ಗೊತ್ತೆ? ಹಿಮದಲ್ಲಿ ಹೂತುಹೋಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು, ಬಂಡೆಯ ನೆಲದ ಮೇಲೆ ‘ಮೈತ್ರಿ’ ಕಟ್ಟಬೇಕಾಯಿತು.

ಇಲ್ಲಿ ಹುಡುಗಿ ನನ್ನನ್ನು ಹಿಡಿದುಹಾಕಿದಳು. ‘ನೀವು ಹಿಮ ಕರಗ್ತಿದೆ ಅಂತೀರಿ, ಆಮೇಲೆ ಹಿಮದಲ್ಲಿ ಮನೆ ಹೂತುಹೋಯ್ತು ಅಂತೀರಿ. ಯಾವುದು ನಿಜ?’

ಎರಡೂ ನಿಜ. ಇಂಥ ಪ್ರಶ್ನೆ ಕೇಳುವವರು ನನಗೆ ಬಹಳ ಇಷ್ಟ. ಅಂಟಾರ್ಕ್ಟಿಕಾದ ಮೇಲೆ ಪ್ರತಿವರ್ಷ ಹಿಮ ಬೀಳುತ್ತದೆ, ಇದು ಆದಾಯ. ಅಂಚುಗಳಲ್ಲಿ ಹಿಮ ಜಾರಿ, ಒಡೆದು, ಸಮುದ್ರ ಸೇರುತ್ತದೆ, ಇದು ಖರ್ಚು. ಅಜ್ಜಿಯ ಸೊಂಟದ ಚೀಲಕ್ಕೆ ಪಿಂಚಣಿ ಬೀಳುತ್ತಲೇ ಇದ್ದರೂ ಖರ್ಚು ಅದಕ್ಕಿಂತ ಹೆಚ್ಚಾದರೆ ಚೀಲ ಹಗುರಾಗುತ್ತದಲ್ಲ, ಹಾಗೆ. ಉಪಗ್ರಹಗಳು ಮೇಲಿನಿಂದ ಆ ಚೀಲವನ್ನು ತೂಗಿ ನೋಡಿವೆ. ಒಟ್ಟು ಲೆಕ್ಕದಲ್ಲಿ ಅಂಟಾರ್ಕ್ಟಿಕಾ ಹಗುರಾಗುತ್ತಿದೆ. ಒಂದು ಜಾಗದಲ್ಲಿ ನಿಂತು ಕಂಡದ್ದನ್ನು ಇಡೀ ಖಂಡದ ಸುದ್ದಿ ಅಂದುಕೊಳ್ಳಬಾರದು. ಪ್ರವಾಸ ಹೋದವರು ಇದನ್ನು ಒಮ್ಮೊಮ್ಮೆ ಮರೆಯುತ್ತಾರೆ.

ಹಾಗಾದರೆ ಹೋಗಿಬಂದ ಅಕ್ಕನಿಗೆ ಏನೂ ಸಿಗಲಿಲ್ಲವೇ? ಖಂಡಿತ ಸಿಕ್ಕಿತು. ಎರಡೂ ಧ್ರುವಗಳಿಗೆ ನಡೆದುಹೋದ ಮೊದಲಿಗ ರಾಬರ್ಟ್ ಸ್ವಾನ್ ಹಲವು ವರ್ಷ ಎಳೆಯರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದರು, ಭಾರತದ ವಿದ್ಯಾರ್ಥಿಗಳೂ ಹೋಗಿಬಂದಿದ್ದಾರೆ. ಅರ್ಜೆಂಟೀನಾದ ತುದಿಯ ಉಶುವಾಯಾದಿಂದ ಹಡಗು. ಡ್ರೇಕ್ ಜಲಸಂಧಿಯಲ್ಲಿ ಎರಡು ದಿನ ಹೊಟ್ಟೆ ತೊಳಸುವ ಅಲೆ. ಇಳಿಯುವ ಮೊದಲು ಬೂಟು ತೊಳೆಯಬೇಕು, ಜೇಬು, ಬ್ಯಾಗುಗಳ ಸಂದಿಯಲ್ಲಿ ಒಂದು ಹುಲ್ಲಿನ ಬೀಜವೂ ಇರಬಾರದು. ಪೆಂಗ್ವಿನ್ನಿನಿಂದ ಐದು ಮೀಟರ್ ದೂರ. ಒಂದು ಬೆಣಚುಕಲ್ಲನ್ನೂ ನೆನಪಿಗೆ ತರುವಂತಿಲ್ಲ. ನಮ್ಮ ಊರಲ್ಲಿ ಜಾತ್ರೆಗೆ ಹೋದವರು ಬರಿಗೈಲಿ ಬಂದರೆ ಬೈಯುತ್ತಾರೆ, ಅಲ್ಲಿ ಬರಿಗೈಲಿ ಬರುವುದೇ ಮರ್ಯಾದೆ.

ಆ ಅಕ್ಕ ಒಂದು ಮಾತು ಹೇಳಿದ್ದಳಂತೆ: ಎಂಜಿನ್ ನಿಲ್ಲಿಸಿದರೆ ಮಂಜುಗಡ್ಡೆ ಚಟಪಟ ಅನ್ನುತ್ತದೆ, ಸೋಡಾ ಬಾಟಲಿಯ ಹಾಗೆ. ಅದು ಏನು ಗೊತ್ತೆ? ಹಿಮದ ಮೇಲೆ ಹಿಮ ಬಿದ್ದು ಒತ್ತಿದಾಗ ನಡುವಿನ ಗಾಳಿ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ಮಂಜು ಕರಗಿದಾಗ ಆ ಹಳೆಯ ಗಾಳಿ ಹೊರಗೆ ಚಿಮ್ಮುತ್ತದೆ. ವಿಜ್ಞಾನಿಗಳು ಕಬ್ಬಿನ ಜಲ್ಲೆಯಂತೆ ಉದ್ದುದ್ದ ಮಂಜಿನ ಕಂಬಗಳನ್ನು ಕೊರೆದು ತೆಗೆಯುತ್ತಾರೆ. ಮೂರು ಕಿಲೋಮೀಟರಿಗೂ ಆಳದಿಂದ ಬಂದ ಅಂಥ ಕಂಬದಲ್ಲಿ 8 ಲಕ್ಷ ವರ್ಷ ಹಳೆಯ ಗಾಳಿಯಿದೆ. ಅಷ್ಟು ಕಾಲದಲ್ಲಿ ಗಾಳಿಯ 10 ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 300ನ್ನು ದಾಟಿಯೇ ಇರಲಿಲ್ಲ. ಕಲ್ಲಿದ್ದಲು ಸುಡುವ ಕಾರ್ಖಾನೆಗಳು ಬರುವ ಮೊದಲು ಸುಮಾರು 280 ಇತ್ತು. ಈಗ 420ಕ್ಕೂ ಮೇಲೆ. ಈ ಅನಿಲ ಭೂಮಿಗೆ ಹೊದಿಸಿದ ಕಂಬಳಿ. ಜನವರಿಯ ದೆಹಲಿಯಲ್ಲಿ ಕಂಬಳಿ ಸುಖ. ಮೇ ತಿಂಗಳಲ್ಲಿ ಅದರ ಮೇಲೆ ಇನ್ನೊಂದು ಹೊದಿಸಿದರೆ?

‘ನಾನೂ ಹೋಗ್ಬೇಕು’ ಅಂದಳು ಹುಡುಗಿ. ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ: ಎಲ್ಲರೂ ಹೋಗಬೇಕಿಲ್ಲ. ವಿಮಾನ, ಹಡಗು ಸುಡುವ ಇಂಧನವೂ ಅದೇ ಕಂಬಳಿಗೆ ನೂಲು. ಹೋದವರು ಬಂದು ಹತ್ತು ಜನಕ್ಕೆ ಹೇಳಿದರೆ ಸರಿ, ಫೋಟೊಕ್ಕಷ್ಟೇ ಆದರೆ ದುಬಾರಿ ಪಿಕ್ನಿಕ್ಕು.

ಹತ್ತಿರದಲ್ಲೇ ನೋಡುವುದು ಬೇಕಾದಷ್ಟಿದೆ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯ ಮಕ್ಕಳಿಗೆ ನಡೆದುಹೋಗುವಷ್ಟು ದೂರದಲ್ಲಿ ಪೃಥ್ವಿ ಭವನವಿದೆ. ನಮ್ಮ ಧ್ರುವ ಯಾತ್ರೆಗಳನ್ನೆಲ್ಲ ನೋಡಿಕೊಳ್ಳುವ ಭೂವಿಜ್ಞಾನ ಸಚಿವಾಲಯ ಇರುವುದು ಅಲ್ಲಿ. 2023ರ ಡಿಸೆಂಬರಿನಲ್ಲಿ ಆರ್ಕ್ಟಿಕ್‌ನ ನಮ್ಮ ‘ಹಿಮಾದ್ರಿ’ ಕೇಂದ್ರಕ್ಕೆ ಮೊದಲ ಚಳಿಗಾಲದ ತಂಡ ಹೊರಟದ್ದೂ ದೆಹಲಿಯಿಂದಲೇ. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಇನ್ನು ನಮ್ಮ ದೆಹಲಿಯ ಯಮುನೆ? ಅದು ಹುಟ್ಟುವುದು ಯಮುನೋತ್ರಿಯ ಹಿಮನದಿಯಲ್ಲಿ. ಧ್ರುವಗಳನ್ನು ಬಿಟ್ಟರೆ ಅತಿ ಹೆಚ್ಚು ಹಿಮ ಇರುವುದು ಹಿಮಾಲಯ ಮತ್ತು ಅದರ ಸುತ್ತಲ ಬೆಟ್ಟಗಳಲ್ಲಿ. ಅದಕ್ಕೇ ‘ಮೂರನೇ ಧ್ರುವ’ ಅನ್ನುತ್ತಾರೆ. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದವರು ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಬಿದಿರ ಕಡ್ಡಿ ನೆಟ್ಟು, ಎಷ್ಟು ಕರಗಿತು ಎಂದು 20 ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತಿದ್ದಾರೆ. ಬಿದಿರ ಕಡ್ಡಿ, ಅಳತೆಪಟ್ಟಿ, ತಾಳ್ಮೆ.

ಅಳೆದದ್ದನ್ನು ಮತ್ತೆ ಪರೀಕ್ಷಿಸುವುದೂ ಬೇಕು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಯಂತ್ರ 52.9 ಡಿಗ್ರಿ ತೋರಿಸಿತು, ದೇಶವೇ ಬೆಚ್ಚಿತು. ಆಮೇಲೆ ಹವಾಮಾನ ಇಲಾಖೆ ಬೇರೆ ಉಪಕರಣ ಇಟ್ಟು ನೋಡಿದರೆ ಆ ಯಂತ್ರ 3 ಡಿಗ್ರಿ ಹೆಚ್ಚು ಹೇಳುತ್ತಿತ್ತು. ಹಾಗಂತ ಸೆಕೆ ಸುಳ್ಳಲ್ಲ.

ನಮ್ಮ ಹುಡುಗಿ ಈಗ ಥರ್ಮಾಮೀಟರ್ ಕೊಂಡಿದ್ದಾಳೆ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಸುಣ್ಣದ ಭಾಗ, ಬರೀ ಭಾಗ ಎರಡನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ನೀವೂ ಶುರುಮಾಡಿ. ತಲೆಗೆ ಟೋಪಿ ಇರಲಿ, ಬರೆಯುವಾಗ ದಿನಾಂಕ ಹಾಕುವುದನ್ನು ಮಾತ್ರ ಮರೆಯಬೇಡಿ.