ನಿರಾಶ್ರಿತ ಮಕ್ಕಳ ಶಾಲೆ: ಅಕ್ಷರಕ್ಕೆ ಮುಂಚೆ ಅಭಯ

(ಗಿರಣಿ ಕೆಲಸಗಾರರ ಮತ್ತು ಪೇಟೆಯ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ಬೋನಸ್ಸಿನ ಮಾತನ್ನಾಗಲಿ ತುಟ್ಟಿಭತ್ಯದ ಮಾತನ್ನಾಗಲಿ ಆಡಲು ನಾನು ನಿಂತಿಲ್ಲ. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಮಾಸ್ತರನಾಗಿದ್ದೆನೆಂಬುದು ನಿಮಗೆ ಗೊತ್ತು. ಆ ಹಳೆಯ ಕಸುಬಿನ ಒಂದು ಮಾತು ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಒಂದು ವರ್ಷ ಹೊಳೆಗೆ ಮಹಾಪೂರ ಬಂದು ನಮ್ಮ ಸಮೀಪದ ಹಳ್ಳಿಯೊಂದು ಕೊಚ್ಚಿಹೋಯಿತು. ಉಳಿದ ಜನ ನಮ್ಮೂರಿನ ಹೊರಗೆ ತಗಡಿನ ಷೆಡ್ಡುಗಳಲ್ಲಿ ಬಂದಿಳಿದರು. ಅವರ ಮಕ್ಕಳು ನನ್ನ ತರಗತಿಗೆ ಬಂದರು. ಅವರಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬರೆಯಲೊಲ್ಲ, ಓದಲೊಲ್ಲ. ಮೋಡ ಕವಿದರೆ ಸಾಕು, ಪಾಟಿಚೀಲವನ್ನು ಎದೆಗವಚಿಕೊಂಡು ಬಾಗಿಲ ಕಡೆಗೆ ಓಡುತ್ತಿದ್ದ. ಉಡಾಳನೆಂದುಕೊಂಡು ಎರಡು ಸಲ ಬೆತ್ತದಿಂದ ಹೊಡೆದೆ. ಮರುದಿನ ಅವನ ಅಜ್ಜಿ ಬಂದು, "ಮಾಸ್ತರ್ರೇ, ಹೊಡೀಬ್ಯಾಡ್ರಿ. ರಾತ್ರಿ ನೀರು ಬಂದಾಗ ಇವನ ತಂಗಿ ಇವನ ಕೈಯಾಗೇ ಇದ್ಲು" ಎಂದಳು. ಅಷ್ಟೇ ಹೇಳಿ ಹೋದಳು.

ಬೆತ್ತವನ್ನು ಅಂದೇ ಕೆಳಗಿಟ್ಟೆ. ಆದರೆ ಬೆತ್ತ ಇಟ್ಟ ಮೇಲೆ ಏನು ಮಾಡಬೇಕೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ದೀಪಾವಳಿ ಕಳೆಯುವುದರೊಳಗೆ ಆ ಹುಡುಗ ಶಾಲೆ ಬಿಟ್ಟ.

ಒಬ್ಬ ಹುಡುಗನ ಕತೆ ಇದು. ಊರಿಗೆ ಊರೇ ಇಂಥ ಮಕ್ಕಳಿಂದ ತುಂಬಿದ್ದರೆ ಮಾಸ್ತರನ ಗತಿಯೇನು? ಅಂಥ ಊರೊಂದಿದೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಕುಟುಪಾಲಾಂಗ್ ಶಿಬಿರ. ಅಲ್ಲಿರುವವರು ಬರ್ಮಾದ, ಎಂದರೆ ಮ್ಯಾನ್ಮಾರಿನ, ರಾಖೈನ್ ಪ್ರಾಂತದ ರೋಹಿಂಗ್ಯಾ ಜನ. 1982ರ ಕಾಯಿದೆಯಿಂದ ಅವರು ಹುಟ್ಟಿದ ನೆಲದಲ್ಲೇ ಪ್ರಜೆಗಳಲ್ಲದವರಾದರು. 1978ರಲ್ಲೊಮ್ಮೆ, 1991–92ರಲ್ಲೊಮ್ಮೆ ಗಡಿ ದಾಟಿ ಓಡಿದರು. 2017ರ ಆಗಸ್ಟ್ 25ರಿಂದ ಸೈನ್ಯ ನಡೆಸಿದ ಕಾರ್ಯಾಚರಣೆಯಲ್ಲಿ ಹಳ್ಳಿಗಳು ಸುಟ್ಟವು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿಯನ್ನೂ ಗುಡ್ಡಗಳನ್ನೂ ದಾಟಿ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಎಷ್ಟೋ ಮಕ್ಕಳು ಮನೆ ಉರಿಯುವುದನ್ನೂ ಹತ್ತಿರದವರು ಸಾಯುವುದನ್ನೂ ಕಣ್ಣಾರೆ ಕಂಡವರು.

ಆ ಶಿಬಿರದಲ್ಲಿ ಮನೆ ಎಂದರೆ ಬಿದಿರಿನ ಗಳ, ತಾಡಪಾಲಿನ ಹೊದಿಕೆ. ಶಾಲೆಯೂ ಬಿದಿರಿನದೇ, ಹೆಸರು ಕಲಿಕಾ ಕೇಂದ್ರ. ನಿಮ್ಮ ಗಿರಣಿಯ ಹಾಗೆ ಅಲ್ಲಿಯೂ ಪಾಳಿ ಉಂಟು. ಒಂದು ತಂಡದ ಮಕ್ಕಳು ಎರಡು ಮೂರು ಗಂಟೆ ಕಲಿತು ಎದ್ದರೆ ಇನ್ನೊಂದು ತಂಡ ಬಂದು ಕೂಡುತ್ತದೆ. ಸ್ಥಳೀಯ ಬಾಂಗ್ಲಾ ಶಿಕ್ಷಕರೊಬ್ಬರು, ನಿರಾಶ್ರಿತರಲ್ಲೇ ಓದು ಬಲ್ಲವರೊಬ್ಬರು ಸೇರಿ ಕಲಿಸುವುದು ಅಲ್ಲಿಯ ಪದ್ಧತಿ. ಈ ಎರಡನೆಯವರ ಸ್ಥಿತಿ ನೋಡಿ: ಸಂತೈಸಬೇಕಾದವರು ಅವರೇ, ಸ್ವತಃ ನೊಂದವರೂ ಅವರೇ.

ಇಂಥ ಮಕ್ಕಳಿಗೆ ಬೇಕಾದುದನ್ನು ಮನೋಸಾಮಾಜಿಕ ಆಪ್ತಸಲಹೆ ಎನ್ನುತ್ತಾರೆ. ಹೆಸರು ದೊಡ್ಡದಾಯಿತು, ಕೆಲಸ ನಮಗೆ ತಿಳಿಯುವಂಥದೇ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಪರಿಹಾರ ಸಂಸ್ಥೆಗಳೂ ಸೇರಿ 2007ರಲ್ಲಿ ಇದಕ್ಕೊಂದು ಕ್ರಮ ಹಾಕಿದವು. ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಕೆಳಗಿನದು ಅನ್ನ, ನೀರು, ಸೂರು, ಹೆದರಿಕೆಯಿಲ್ಲದ ರಾತ್ರಿ. ಇದು ಎಲ್ಲರಿಗೂ ಬೇಕು. ಎರಡನೆಯದು ಮನೆಮಂದಿ, ನೆರೆಹೊರೆ, ಆಟ, ಶಾಲೆ. ಮೂರನೆಯದು ತರಬೇತಿಯಾದ ಶಿಕ್ಷಕರೋ ಕಾರ್ಯಕರ್ತರೋ ಕುಳಿತು ಕೇಳುವ ಕೆಲಸ. ಕೊನೆಯದು ಮನೋರೋಗದ ವೈದ್ಯರು. ಯುದ್ಧ, ಗಲಭೆಗಳಲ್ಲಿ ಸಿಕ್ಕ ಜನರಲ್ಲಿ ಸುಮಾರು ಐವರಿಗೊಬ್ಬರಿಗೆ ಮಾನಸಿಕ ಕಾಯಿಲೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಉಳಿದವರಿಗೆ ನೋವಿಲ್ಲವೆಂದಲ್ಲ, ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿದ್ದರೆ ಅವರಲ್ಲಿ ಬಹುಮಂದಿ ತಾವೇ ಚೇತರಿಸಿಕೊಳ್ಳುತ್ತಾರೆ.

ಶಿಕ್ಷಕರು ಮಾಡಬೇಕಾದುದನ್ನು ಮೂರು ಮಾತಿನಲ್ಲಿ ಕಲಿಸುತ್ತಾರೆ: ನೋಡು, ಕೇಳು, ಜೋಡಿಸು. ಯಾವ ಮಗು ಊಟ ಬಿಟ್ಟಿದೆ, ಯಾವುದು ಸದ್ದಿಗೆ ಬೆಚ್ಚುತ್ತದೆ, ಯಾವುದು ದಿನವೂ ಹೊಟ್ಟೆನೋವು ಎನ್ನುತ್ತದೆ ಎಂಬುದನ್ನು ನೋಡಬೇಕು. ಮನಸ್ಸಿನ ನೋವು ಮೈಯ ನೋವಾಗಿ ಹೊರಬರುವುದುಂಟು. ರೋಹಿಂಗ್ಯಾ ಮಾತಿನಲ್ಲೂ ಚಿಂತೆ, ಅಶಾಂತಿ ಎಂಬ ಶಬ್ದಗಳೇ ಇವೆ. ನಮ್ಮ ಮನೆಗಳಲ್ಲಿ ಆಡುವ ಶಬ್ದಗಳವು. "ನಿನಗೆ ಮನೋರೋಗವಿದೆಯೇ?" ಎಂದರೆ ಯಾರು ಬಾಯಿಬಿಟ್ಟಾರು? "ಅಶಾಂತಿಯೇ?" ಎಂದರೆ ಮಾತು ಬರುತ್ತದೆ. ಮಗು ಹೇಳಿದಷ್ಟನ್ನು ಕೇಳಬೇಕು. "ಅಂದು ಏನಾಯಿತು, ಹೇಳು" ಎಂದು ಗಾಯವನ್ನು ಕೆದಕಬಾರದು, "ಮರೆತುಬಿಡು" ಎಂದು ಬಾಯಿ ಮುಚ್ಚಿಸಲೂ ಬಾರದು. ತನ್ನ ಕೈಮೀರಿದ್ದಾದರೆ ವೈದ್ಯರಿಗೋ ಬಲ್ಲವರಿಗೋ ಜೋಡಿಸಬೇಕು. ಚಿತ್ರ ಬರೆಸುವುದು, ಹಾಡಿಸುವುದು, ಆಡಿಸುವುದು, ಇವು ವೇಳೆಗಳೆಯುವ ಉಪಾಯಗಳಲ್ಲ. ಮಾತು ಬಾರದ ಮಗುವಿಗೆ ಅವೇ ಬಾಯಿ. ಹದಿವಯಸ್ಸಿನ ಹುಡುಗಿಯರನ್ನು ಅಲ್ಲಿ ಮನೆಯಿಂದ ಹೊರಗೆ ಕಳಿಸುವುದು ಕಡಿಮೆ. ಅವರಿಗೆ ಶಿಕ್ಷಕಿಯರೇ ಬೇಕು, ಅವರದೇ ಪಾಳಿ ಬೇಕು. ಬಿದಿರು ತಟ್ಟಿಯ ಗೋಡೆಯಲ್ಲಿ ಮಾತು ನೆರೆಮನೆಗೆ ಕೇಳುವುದರಿಂದ ಗುಟ್ಟಾಗಿ ಮಾತಾಡಲೊಂದು ಜಾಗವೂ ಬೇಕು.

"ಹೊಟ್ಟೆಗಿಲ್ಲದವರಿಗೆ ಮನಸ್ಸಿನ ಉಪಚಾರವೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕುಟುಪಾಲಾಂಗಿನಲ್ಲಿ ತಲೆಗೆ ತಿಂಗಳಿಗೆ 12 ಡಾಲರಿನ ಪಡಿತರವಿತ್ತು. 2023ರಲ್ಲಿ ಅದನ್ನು 10ಕ್ಕೆ, ಮತ್ತೆ 8ಕ್ಕೆ ಇಳಿಸಿದರು. ಮುಂದಿನ ವರ್ಷ ಏರಿಸಿದರೆನ್ನಿ. ಆ 8 ಡಾಲರಿನ ದಿನಗಳಲ್ಲಿ ಹಸಿದ ಮಗುವಿಗೆ "ಧೈರ್ಯ ತಂದುಕೋ" ಎಂದಷ್ಟೇ ಹೇಳುವ ಸಲಹೆಗಾರ ಮೋಸಗಾರನೇ ಸರಿ. ಅನ್ನ ಮೊದಲನೆಯ ಮೆಟ್ಟಿಲು. ಆದರೆ ಅನ್ನ ಕೊಟ್ಟ ಮಾತ್ರಕ್ಕೆ ನನ್ನ ಆ ಹುಡುಗ ಬಾಗಿಲ ಕಡೆಗೆ ಓಡುವುದನ್ನು ಬಿಡಲಿಲ್ಲ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟವಿತ್ತು, ಸ್ವಾಮಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲವನ್ನೂ ಕಳೆದುಕೊಂಡ ಮಗುವಿಗೆ ದೊಡ್ಡ ಔಷಧಿ ಯಾವುದು? ನಿನ್ನೆ ಇದ್ದವರು ಇಂದೂ ಇದ್ದಾರೆ, ನಾಳೆಯೂ ಇರುತ್ತಾರೆ ಎಂಬ ನಂಬಿಕೆ. ಅದೇ ಗಂಟೆಗೆ ಅದೇ ಬಾಗಿಲು ತೆರೆಯಬೇಕು, ಅದೇ ಅಕ್ಕನೋ ಅಣ್ಣನೋ ಹೆಸರು ಹಿಡಿದು ಕರೆಯಬೇಕು. 2021ರ ಮಾರ್ಚ್ 22ರಂದು ಶಿಬಿರಕ್ಕೆ ಬೆಂಕಿ ಬಿದ್ದು ಸುಮಾರು 45 ಸಾವಿರ ಜನರ ಸೂರು ಹೋಯಿತು, ಕಲಿಕಾ ಕೇಂದ್ರಗಳೂ ಸುಟ್ಟವು. ಅದು ಬೆಂಕಿ. ಆದರೆ 2025ರ ಜೂನಿನಲ್ಲಿ ಆದುದೇನು? ದೇಣಿಗೆಯ ಹಣ ಬತ್ತಿತೆಂದು ಸಾವಿರಾರು ಕೇಂದ್ರಗಳ ಬಾಗಿಲು ಮುಚ್ಚಿದವು. ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರ ಕೆಲಸ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಅದು ಖರ್ಚು ಕಡಿತ. ಮಗುವಿನ ಲೆಕ್ಕದಲ್ಲಿ ಇನ್ನೊಬ್ಬರು ಹೇಳದೆ ಕೇಳದೆ ಕಾಣೆಯಾದರು.

ಬದಲಿ ಕೆಲಸಗಾರನ ಬಾಳೇನೆಂದು ಗೇಟಿನಲ್ಲಿ ನಿಂತು ಬಂದ ನಿಮಗೆ ನಾನು ಹೇಳಬೇಕೇ? ನಾಳೆ ಕೆಲಸ ಉಂಟೋ ಇಲ್ಲವೋ ಎನ್ನುವ ಶಿಕ್ಷಕಿ, "ನಾನಿದ್ದೇನೆ, ಹೆದರಬೇಡ" ಎಂದು ಮಗುವಿಗೆ ಯಾವ ಬಾಯಿಂದ ಹೇಳಬೇಕು? ಶಿಕ್ಷಕರ ಕಾಯಂ ನೌಕರಿ, ಹೊತ್ತಿಗೆ ಸರಿಯಾದ ಸಂಬಳ, ಅವರ ದುಃಖವನ್ನು ಕೇಳುವವರೊಬ್ಬರು, ಇವೂ ಆ ಚಿಕಿತ್ಸೆಯ ಭಾಗವೇ. ಇದನ್ನು ದಾನದ ಹುಂಡಿಗೆ ಬಿಟ್ಟರೆ ಹುಂಡಿ ಬರಿದಾದ ದಿನ ಮಗು ಮತ್ತೆ ಬೀದಿಗೆ ಬೀಳುತ್ತದೆ.

ನೆಲೆ ನಿಂತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 1960ರ ಮೇ 17ರಂದು ಜಮ್ಮುವಿನ ರಸ್ತೆ ಕೆಲಸದ ಶಿಬಿರದಿಂದ 51 ಟಿಬೆಟಿ ಮಕ್ಕಳು ಧರ್ಮಶಾಲೆಗೆ ಬಂದರು. ತಂದೆತಾಯಿಯರು ರಸ್ತೆಗೆ ಜಲ್ಲಿ ಹಾಕುವ ಕೂಲಿಗಳು. ಕ್ರಮೇಣ ಅಲ್ಲಿ ಮಕ್ಕಳನ್ನು ಮನೆಮನೆಯಾಗಿ ಹಂಚಿ, ಒಂದೊಂದು ಮನೆಗೂ ಸಾಕುತಾಯಿಯನ್ನಿಟ್ಟು ಸಾಕಿ ಓದಿಸುವ ಪದ್ಧತಿ ಬೆಳೆಯಿತು. ಅದೇ ಪದ್ಧತಿಯ ಶಾಲೆ ನಮ್ಮ ಬೈಲುಕುಪ್ಪೆಗೂ ಬಂತು. ಅಲ್ಲಿ ಅಂದಿನ ಮೈಸೂರು ಸರ್ಕಾರ ನೆಲ ಕೊಟ್ಟಿತ್ತು. ನೆಲ, ಮನೆ, ಬಿಟ್ಟುಹೋಗದ ಮನುಷ್ಯರು, ಇವು ಮೂರೂ ಕೂಡಿದ್ದರಿಂದ ಆ ಮಕ್ಕಳು ನಿಂತರು.

ಸಂಗಾತಿಗಳೇ, ಕುಟುಪಾಲಾಂಗಿಗೆ ನಾವು ಹೋಗಲಾರೆವು. ಆದರೆ ಮನೆ ಕಳೆದುಕೊಂಡು ಬಂದ ಮಕ್ಕಳು ನಮ್ಮ ಊರಿನ ಹೊರಗಿನ ಷೆಡ್ಡುಗಳಲ್ಲೂ ಇದ್ದಾರೆ. ಅಂಥವರ ಶಾಲೆಗೆ ತರಬೇತಿಯಾದ ಕಾಯಂ ಶಿಕ್ಷಕರನ್ನು ಕೊಡಿ ಎಂದು ಸರ್ಕಾರವನ್ನು ಕೇಳುವುದು ನಮ್ಮ ಕೆಲಸ. ಅಂಗಡಿಗೆ ಬೆಂಕಿಪೊಟ್ಟಣಕ್ಕೆಂದು ಬಂದ ಆ ಹುಡುಗನ ಹೆಸರು ಕೇಳಿ, ಮರುದಿನ ಅದೇ ಹೆಸರಿನಿಂದ ಕರೆಯುವುದು ವ್ಯಾಪಾರಿ ಬಂಧುಗಳ ಕೈಯಲ್ಲಿದೆ. ಅದಕ್ಕೆ ಕಾಸು ಬೇಡ.

ನನ್ನ ಆ ಹುಡುಗ ಈಗೆಲ್ಲಿದ್ದಾನೋ ತಿಳಿಯದು. ಅವನು ಬಾಗಿಲ ಕಡೆಗೆ ಓಡಿದಾಗ ನಾನೂ ಜೊತೆಗೆ ಎದ್ದು ಹೋಗಿ, ಹೊಸ್ತಿಲ ಮೇಲೆ ಅವನ ಪಕ್ಕದಲ್ಲಿ ಕೂತು ಮಳೆ ನಿಲ್ಲುವ ತನಕ ಕಾಯಬೇಕಿತ್ತು. ಅಷ್ಟು ಮಾಡುವುದು ನನ್ನಿಂದ ಆಗುತ್ತಿತ್ತು.